ಬೇಲಿಯ ಗಂಟು

ನಾನು ಹುಟ್ಟಿ ಬೆಳೆದ ಮನೆಯ ಬಗ್ಗೆ ಒಳ್ಳೆಯ ಮಾತು ಬರೆಯೋಣವೆಂದು ಎಷ್ಟೋ ಸಲ ಕೂತಿದ್ದೇನೆ. ಪೆನ್ನು ಮುಂದಕ್ಕೆ ಹೋಗಿಲ್ಲ. ಆ ಮನೆ ಈಗಿಲ್ಲ. ಹೆದ್ದಾರಿ ಅಗಲ ಮಾಡುವಾಗ ಮುಂಭಾಗ ಹೋಯಿತು, ಉಳಿದದ್ದನ್ನು ನಾವೇ ಕೆಡವಿಸಿದೆವು. ಕೆಡವಿದ ದಿನ ಬಂಧುಗಳೆಲ್ಲ ನಿಂತು ಕಣ್ಣೊರೆಸಿಕೊಂಡರು. ಯಾರೋ ಹೊಸ್ತಿಲ ಮರವನ್ನು ಮುಟ್ಟಿ ನಮಸ್ಕಾರ ಮಾಡಿದರು. ನಾನು ದೂಳು ಮೂಗಿಗೆ ಬಾರದಿರಲೆಂದು ಸೆರಗು ಮುಚ್ಚಿಕೊಂಡು ದೂರ ನಿಂತಿದ್ದೆ. ನನಗೆ ಅಳು ಬರಲಿಲ್ಲ. ಆ ಗೋಡೆಗಳ ಒಳಗೆ ನಾನು ಕೇಳಿದ ಮಾತುಗಳಲ್ಲಿ ಮುಕ್ಕಾಲು ಪಾಲು ಬೈಗುಳ. ಉಳಿದ ಕಾಲು ಪಾಲು, ಬೈಗುಳಕ್ಕೆ ಮುಂಚಿನ ಮೌನ.

ಮುಳಬಾಗಿಲು ದಾಟಿ ನಂಗಲಿ ಕಡೆಗೆ ಹೋಗುವ ದಾರಿಯಲ್ಲಿ, ರಸ್ತೆಗೆ ಬೆನ್ನು ಹಾಕಿದ ಮನೆ ಅದು. ದೊಡ್ಡ ಲಾರಿ ಹೋದರೆ ಅಡುಗೆಮನೆಯ ಅಟ್ಟದ ಮೇಲಿನ ಪಾತ್ರೆಗಳು ನಡುಗುತ್ತಿದ್ದವು. ಮನೆಯಲ್ಲಿ ಗಾಳಿ ಬೆಳಕು ಇದ್ದ ಒಂದೇ ಒಂದು ಕೋಣೆ ಹುಳದ ಮನೆ. ರೇಷ್ಮೆ ಹುಳ ಸಾಕುವವರ ಮನೆಯಲ್ಲಿ ಅದು ದೇವರ ಕೋಣೆಗಿಂತ ಹೆಚ್ಚು. ಅಲ್ಲಿಗೆ ಸ್ನಾನ ಮಾಡದೆ ಹೋಗುವಂತಿಲ್ಲ, ಮುಟ್ಟಾದವರು ಆ ಕಡೆ ತಲೆ ಹಾಕುವಂತಿಲ್ಲ, ಒಗ್ಗರಣೆಯ ಘಾಟು ಆ ಕಡೆ ಹೋಗುವಂತಿಲ್ಲ. ಮನುಷ್ಯರು ಮಲಗುತ್ತಿದ್ದದ್ದು ಪಡಸಾಲೆಯಲ್ಲಿ, ಸೊಪ್ಪಿನ ಮೂಟೆಗಳ ನಡುವೆ ಜಾಗ ಸಿಕ್ಕಲ್ಲಿ. ಹುಳಕ್ಕೆ ಸೊಪ್ಪು ಹಾಕದೆ ಯಾರೂ ಬಾಯಿಗೆ ತುತ್ತಿಡುವಂತಿರಲಿಲ್ಲ. ಹುಳ ತಿಂದ ಮೇಲೆ ಗಂಡಸರು, ಆಮೇಲೆ ಮಕ್ಕಳು, ಆಮೇಲೆ ಅವ್ವ, ಎಲ್ಲ ಮುಗಿದ ಮೇಲೆ ನನ್ನ ಅಮ್ಮ.

ಅವ್ವ ಎಂದರೆ ಅಪ್ಪನ ತಾಯಿ. ನಮ್ಮ ಕಡೆ ಅಜ್ಜಿಯನ್ನು ತೆಲುಗಿನವರ ಹಾಗೆ ಅವ್ವ ಎಂದೇ ಕರೆಯುತ್ತಾರೆ. ಸಣ್ಣ ಆಳು, ಒಣಗಿದ ಕೈ. ಕೆಲಸ ಹೇಳುವಾಗ ಕನ್ನಡ, ಬೈಯುವಾಗ ತೆಲುಗು. ಮುದ್ದೆ ಕಟ್ಟಿ ಹಂಚುವುದನ್ನು ಅವಳು ಬೇರೆ ಯಾರಿಗೂ ಬಿಟ್ಟುಕೊಟ್ಟವಳಲ್ಲ. ಯಾರ ಮೇಲೆ ಎಷ್ಟು ಸಿಟ್ಟಿದೆ ಎಂಬುದು ಅವಳ ಮುಖ ನೋಡಿದರೆ ತಿಳಿಯುತ್ತಿರಲಿಲ್ಲ, ಮುದ್ದೆ ನೋಡಿದರೆ ತಿಳಿಯುತ್ತಿತ್ತು. ನನಗೆ ಬುದ್ಧಿ ತಿಳಿದಾಗಿನಿಂದ ಅಮ್ಮನ ತಟ್ಟೆಗೆ ಬೀಳುತ್ತಿದ್ದದ್ದು ಪಾತ್ರೆಯ ತಳ ಕೆರೆದು ಉಂಡೆ ಮಾಡಿದ, ಸೀದ ವಾಸನೆಯ ಮುದ್ದೆ. ಅಮ್ಮ ಅದನ್ನು ಕದದ ಹಿಂದೆ ಕೂತು ತಿನ್ನುತ್ತಿದ್ದಳು. ಅವಳ ತವರು ಮಾಲೂರು ಕಡೆ, ವಿಗ್ರಹ ಕೆತ್ತುವ ಶಿವಾರಪಟ್ಟಣದ ಪಕ್ಕದ ಊರು. ಅವಳ ಅಪ್ಪ ಗಾಡಿಯಲ್ಲಿ ಕಲ್ಲು ಹೇರಿಕೊಂಡು ಹೋಗಿ ಕೆತ್ತನೆಯ ಶೆಡ್ಡುಗಳಿಗೆ ಹಾಕುತ್ತಿದ್ದ. ಅವ್ವನಿಗೆ ಅಷ್ಟು ಸಾಕಾಗಿತ್ತು. ಸಾರಿಗೆ ಉಪ್ಪು ಹೆಚ್ಚಾದರೂ, ಹುಳಕ್ಕೆ ರೋಗ ಬಂದರೂ, ನಾನು ಗಂಡಾಗದೆ ಹೆಣ್ಣಾಗಿ ಹುಟ್ಟಿದ್ದಕ್ಕೂ ಒಂದೇ ಮಾತು.

"ಕಲ್ಲು ಹೊರೋರ ಮನೆಯಿಂದ ತಂದ್ರೆ ಇನ್ನೇನಾಗುತ್ತೆ?"

ಅಮ್ಮ ಎದುರು ಮಾತಾಡಿದವಳಲ್ಲ. ಅಪ್ಪ ಅವಳ ಪರವಾಗಿ ಒಂದು ಮಾತು ಆಡಿದವನಲ್ಲ. ಅವನು ತೋಟಕ್ಕೆ ಹೋಗುತ್ತಿದ್ದ, ಬರುತ್ತಿದ್ದ, ಉಣ್ಣುತ್ತಿದ್ದ. ಹೆಂಗಸರ ಜಗಳ ಹೆಂಗಸರಿಗೆ ಎಂಬುದು ಅವನ ಧರ್ಮ.

ನನಗೆ ಹತ್ತು ವರ್ಷವಾಗುವ ಹೊತ್ತಿಗೆ ಚಿಕ್ಕಪ್ಪನ ಮದುವೆಯಾಯಿತು. ಅಪ್ಪನ ತಮ್ಮ ಅವನು, ನಂಗಲಿಯಲ್ಲಿ ಲಾರಿಗಳಿಗೆ ಪಂಕ್ಚರ್ ಹಾಕುವ ಅಂಗಡಿ ಇಟ್ಟುಕೊಂಡಿದ್ದ. ಬೆಳಗ್ಗೆ ಹೋದರೆ ಸಂಜೆ ಕೈಯೆಲ್ಲ ಕಪ್ಪು ಮಾಡಿಕೊಂಡು ಬರುತ್ತಿದ್ದ. ಚಿಕ್ಕಮ್ಮ ಸರೋಜ ಗಡಿಯಾಚೆಯವಳು. ಕನ್ನಡ ಅರ್ಧ, ತೆಲುಗು ಅರ್ಧ ಸೇರಿಸಿ ಮಾತಾಡುತ್ತಿದ್ದಳು. ಎತ್ತರದ ಹೆಂಗಸು, ಮೊಣಕಾಲಿನವರೆಗೂ ಕೂದಲು. ನಗು ಬಂದರೆ ಬಾಯಿ ಮುಚ್ಚಿಕೊಳ್ಳದೆ ನಗುತ್ತಿದ್ದಳು. ಆ ಮನೆಯಲ್ಲಿ ಹಾಗೆ ಯಾರೂ ನಕ್ಕದ್ದನ್ನು ನಾನು ಕೇಳಿರಲಿಲ್ಲ. ಅವಳು ಬಂದು ತಿಂಗಳು ಕಳೆಯುವಷ್ಟರಲ್ಲಿ ಅವ್ವನ ನಾಲಿಗೆ ಅಮ್ಮನನ್ನು ಬಿಟ್ಟು ಆ ಕಡೆ ತಿರುಗಿತು. ನಕ್ಕರೆ ತಪ್ಪು, ಕೂದಲು ಬಿಟ್ಟುಕೊಂಡು ಬಿಸಿಲಿಗೆ ಕೂತರೆ ತಪ್ಪು, ಸೊಪ್ಪು ಕತ್ತರಿಸುವಾಗ ಹಾಡಿದರೆ ತಪ್ಪು. ಸೀದ ಮುದ್ದೆ ಈಗ ಸರೋಜ ಚಿಕ್ಕಮ್ಮನ ತಟ್ಟೆಗೆ ಬೀಳತೊಡಗಿತು. ಅಮ್ಮ ಕದದ ಹಿಂದಿನಿಂದ ಎದ್ದು ಬಂದು ಅವ್ವನ ಪಕ್ಕದಲ್ಲಿ ಕೂತಳು. ಅವಳಿಗೆ ಬಿಸಿ ಮುದ್ದೆ, ಅವರೆಕಾಳಿನ ಗಟ್ಟಿ ಸಾರು. ಅಮ್ಮನ ಕೆನ್ನೆ ತುಂಬಿಕೊಂಡದ್ದು, ಅವಳು ತಲೆಗೆ ಹೂವು ಮುಡಿಯತೊಡಗಿದ್ದು ಆ ವರ್ಷವೇ. ಅವ್ವ ಚಿಕ್ಕಮ್ಮನನ್ನು ಬೈಯುವಾಗ ಅಮ್ಮ "ಹೂಂ" ಎನ್ನುತ್ತಿದ್ದಳು. ಮೊದಮೊದಲು ಮೆಲ್ಲಗೆ, ಆಮೇಲೆ ಎಲ್ಲರಿಗೂ ಕೇಳುವ ಹಾಗೆ.

ಆ ಸಲದ ಹುಳದ ಬೆಳೆ ಹಾಳಾಯಿತು. ರೇಷ್ಮೆ ಹುಳ ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದು, ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕು ಎನ್ನುವಾಗ ಹಾಲುರೋಗ ಬಂತು. ಹುಳಗಳು ಊದಿಕೊಂಡು, ಅವನ್ನು ಸಾಕುವ ಬಿದಿರು ತಟ್ಟೆಯ ಅಂಚಿಗೆ ಹರಿದವು. ಮುಟ್ಟಿದರೆ ಚರ್ಮ ಒಡೆದು ಹಾಲಿನಂಥ ನೀರು ಬರುತ್ತಿತ್ತು. ಅಪ್ಪ ಕುಕ್ಕೆಗಟ್ಟಲೆ ಹೊತ್ತುಕೊಂಡು ಹೋಗಿ ಗುಂಡಿಗೆ ಸುರಿದು ಸುಣ್ಣ ಹಾಕಿದ. ಮನೆಯಲ್ಲಿ ಸಾವಾದ ಹಾಗಿತ್ತು. ಅದಾದ ಮೇಲೆ ಅವ್ವ ಯಾರನ್ನೂ ಬೈಯಲಿಲ್ಲ. ಸುಮ್ಮನೆ ಓಡಾಡುತ್ತಾ ಮೂಲೆ ಮೂಲೆ ನೋಡುತ್ತಿದ್ದಳು. ಆ ಮೌನಕ್ಕೆ ನಾವೆಲ್ಲ ಹೆದರಿದ್ದೆವು.

ಒಂದು ಬೆಳಗ್ಗೆ ಅಮ್ಮ ನನ್ನನ್ನು ತೊಂಡೆಕಾಯಿ ಬಿಡಿಸಲು ಕಳಿಸಿದಳು. ನಮ್ಮ ಹಿತ್ತಲಿಗೂ ದಾಯಾದಿ ಮುನಿಸ್ವಾಮಿ ದೊಡ್ಡಪ್ಪನ ಹಿತ್ತಲಿಗೂ ನಡುವೆ ಜಾಲಿಮುಳ್ಳಿನ ಬೇಲಿ, ಅದರ ಮೇಲೆ ತೊಂಡೆ ಬಳ್ಳಿ. ಎಲೆ ಸರಿಸಿದರೆ ಒಳಗೆ ಮುಳ್ಳಿನ ಕೊಂಬೆಗೆ ಏನೋ ಒಂದು ಗಂಟು. ನನ್ನ ಎರಡು ಮುಷ್ಟಿ ಸೇರಿಸಿದಷ್ಟು ಗಾತ್ರ. ಕೊಳೆಯಾದ ಬೂದು ಬಟ್ಟೆಯನ್ನು ಹಿಂಡಿ ಕಟ್ಟಿದ ಹಾಗಿತ್ತು. ಅದರಲ್ಲಿ ಒಣ ಎಲೆ, ಜೀರುಂಡೆಯ ರೆಕ್ಕೆ, ಮಿಡತೆಯ ಕಾಲು, ಉದ್ದುದ್ದ ಕೂದಲು ಎಲ್ಲ ಮೆತ್ತಿಕೊಂಡಿತ್ತು. ಗಂಟಿನಿಂದ ನಾಲ್ಕೂ ಕಡೆಗೆ ಹರಕು ಜಾಳಿಗೆಯಂಥ ಪರದೆ ಎಳೆದುಕೊಂಡಿತ್ತು. ನಾನು ಅಂಥದ್ದನ್ನು ಕಂಡಿರಲಿಲ್ಲ.

"ಅಮ್ಮಾ, ಬೇಲಿಗೆ ಏನೋ ಗಂಟು ಕಟ್ಟವ್ರೆ ನೋಡು ಬಾ!"

ಅಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಂದಳು. ಬಗ್ಗಿ ನೋಡಿದಳು. ಹೆದರಲಿಲ್ಲ, ಹಿಂದೆ ಸರಿಯಲೂ ಇಲ್ಲ. ಸ್ವಲ್ಪ ಹೊತ್ತು ನೋಡುತ್ತಲೇ ನಿಂತಿದ್ದು, ಆಮೇಲೆ ಮನೆಯ ಕಡೆ ತಿರುಗಿ, "ಹೋಗು, ಅವ್ವನ್ನ ಕರ್ಕೊಂಡ್ ಬಾ," ಎಂದಳು.

ಅವ್ವ ಬಂದು ನೋಡಿದವಳೇ ಎದೆಗೆ ಕೈ ಕೊಟ್ಟುಕೊಂಡಳು.

"ಮುಟ್ಬೇಡ್ರಿ! ಯಾರೂ ಮುಟ್ಬೇಡ್ರಿ ಅದನ್ನ! ಮಾಟ ಕಣ್ರೇ ಇದು. ನಮ್ ಹುಳ ಯಾಕೆ ಹೋಯ್ತು ಅಂತ ಈಗ ಗೊತ್ತಾಯ್ತು."

ಮೊದಲು ಅವಳ ಕೂಗು ಬೇಲಿಯ ಆಚೆಗೆ ಹೋಯಿತು. ಮುನಿಸ್ವಾಮಿ ದೊಡ್ಡಪ್ಪನಿಗೂ ನಮಗೂ ಆ ಬೇಲಿ ಒಂದು ಮೊಳ ಆಚೆ ಈಚೆ ಎಂಬುದಕ್ಕೆ ವರ್ಷಗಳಿಂದ ಮಾತಿರಲಿಲ್ಲ. ಅವನು ಬಾಯಲ್ಲಿ ಬೇವಿನ ಕಡ್ಡಿ ಇಟ್ಟುಕೊಂಡೇ ಬಂದ.

"ನಮ್ ಹುಳಾನೂ ಹೋಗಿದೆ ದೊಡ್ಡಮ್ಮ, ಹೋಗಿ ಗುಂಡಿ ನೋಡ್ಕೊಂಡ್ ಬನ್ನಿ. ನಾನ್ಯಾಕೆ ನನ್ ಬೇಲಿಗೇ ಮಾಟ ಕಟ್ಕೊಳ್ಲಿ? ಕರ್ಪೂರ ಹಚ್ಚಿ, ಅಂಗೈ ಮೇಲೆ ಆರಿಸ್ತೀನಿ."

ಅಂಗೈಯ ಮೇಲೆ ಕರ್ಪೂರ ಆರಿಸುತ್ತೇನೆ ಎಂದವನನ್ನು ಮತ್ತೆ ಕೇಳುವಂತಿಲ್ಲ. ಅವ್ವ ಇನ್ನೊಂದು ಸಲ ಬಗ್ಗಿದಳು. ಒಂದು ಕಡ್ಡಿಯಿಂದ, ಮುಟ್ಟದ ಹಾಗೆ, ಗಂಟಿಗೆ ಮೆತ್ತಿಕೊಂಡಿದ್ದ ಕೂದಲನ್ನು ಎಳೆದಳು. ಅದು ಬಂತು, ಬಂತು, ಬರುತ್ತಲೇ ಇತ್ತು. ಅಷ್ಟು ಉದ್ದದ ಕೂದಲು ಆ ಮನೆಯಲ್ಲಿ ಒಬ್ಬಳಿಗೇ ಇದ್ದದ್ದು.

"ಇದು ಯಾರ ಕೂದ್ಲು?"

ಚಿಕ್ಕಮ್ಮ ಸೊಪ್ಪಿನ ಕುಕ್ಕೆ ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಏನಾಗುತ್ತಿದೆ ಎಂದು ಅವಳಿಗೆ ಇನ್ನೂ ತಿಳಿದಿರಲಿಲ್ಲ.

"ನಂದೇ ಇರ್ಬೇಕು ಅತ್ತಾ. ಎಲ್ರೂ ತಲೆ ಬಾಚಿ ಅಲ್ಲೇ ಅಲ್ವಾ ಸಿಗ್ಸೋದು? ಅಕ್ಕಂದು ಇಲ್ವಾ? ಮೀದಿ, ನಿಮ್ದು ಇಲ್ವಾ?"

ಅವಳು ಹೇಳಿದ್ದು ನಿಜ. ಬಾಚಿದಾಗ ಉದುರಿದ ಕೂದಲನ್ನು ಸುತ್ತಿ ಬೇಲಿಗೆ ಸಿಕ್ಕಿಸುವುದು ನಮ್ಮ ಮನೆಯ ಎಲ್ಲ ಹೆಂಗಸರ ಅಭ್ಯಾಸ. ಆದರೆ ಅವ್ವ ಕೇಳಿಸಿಕೊಂಡದ್ದು "ನಂದೇ" ಎಂಬುದನ್ನು ಮಾತ್ರ. ಅಂದೇ ತೀರ್ಮಾನವಾಯಿತು. ಗಡಿಯಾಚೆ ಮಾಟ ತೆಗೆಯುವ ಪೂಜಾರಿ ಇದ್ದಾನೆ, ಭಾನುವಾರ ಬರುತ್ತಾನೆ, ಅಲ್ಲಿಯವರೆಗೆ ಗಂಟನ್ನು ಯಾರೂ ಮುಟ್ಟಕೂಡದು, ಸರೋಜ ಅಡುಗೆಮನೆಗೂ ಹುಳದ ಮನೆಗೂ ಕಾಲಿಡಕೂಡದು. ಪೂಜಾರಿ ಬಂದು ಯಾರ ಹೆಸರು ಹೇಳುತ್ತಾನೋ ಅವರು ತವರಿಗೆ. ಸಂಜೆ ಚಿಕ್ಕಪ್ಪ ಬಂದಾಗ ಅವ್ವ ಅವನಿಗೆ ಇದನ್ನೆಲ್ಲ ಹೇಳಿದಳು. ಅವನು ಕೈಗೆ ಮೆತ್ತಿದ ಗ್ರೀಸನ್ನು ಸೀಮೆಎಣ್ಣೆಯಲ್ಲಿ ಉಜ್ಜುತ್ತಾ ಕೂತ, ತಲೆ ಎತ್ತಲಿಲ್ಲ. ಚಿಕ್ಕಮ್ಮ ಒಗೆಯುವ ಕಲ್ಲಿನ ಮೇಲೆ ಕೂತು ಉಂಡಳು. ಅಮ್ಮ ಅವಳಿಗೆ ತಟ್ಟೆಯನ್ನು ನೆಲದ ಮೇಲೆ ತಳ್ಳಿ ಕೊಟ್ಟಳು.

ಮರುದಿನ ಸ್ಕೂಲಿನಿಂದ ಬಂದವಳು ನಾನು ಬೇಲಿಯ ಹತ್ತಿರ ಹೋದೆ. ಬೇಡವೆಂದಿದ್ದರಿಂದಲೇ ಹೋದೆ. ಬಿಸಿಲು ಇಳಿದಿತ್ತು. ಒಂದು ಹಸಿರು ಮಿಡತೆ ಹಾರಿ ಬಂದು ಆ ಹರಕು ಪರದೆಗೆ ಸಿಕ್ಕಿಕೊಂಡು ಒದ್ದಾಡತೊಡಗಿತು. ಪರದೆ ಅಲುಗಾಡಿತು. ಆಗ ಗಂಟಿನಲ್ಲಿದ್ದ ಒಂದು ತೂತಿನಿಂದ ಬೂದು ಬಣ್ಣದ ಸಣ್ಣ ಜೇಡವೊಂದು ಹೊರಗೆ ಬಂತು. ಅದರ ಹಿಂದೆ ಇನ್ನೊಂದು, ಬೇರೆ ತೂತಿನಿಂದ ಮತ್ತೊಂದು. ನೋಡ ನೋಡುತ್ತಾ ಮಿಡತೆಯ ಸುತ್ತ ಹತ್ತಾರು ಜೇಡ. ಒಂದು ಕಾಲು ಹಿಡಿಯಿತು, ಒಂದು ರೆಕ್ಕೆ ಹಿಡಿಯಿತು, ಎಲ್ಲ ಸೇರಿ ಅದನ್ನು ಗಂಟಿನ ಕಡೆಗೆ ಎಳೆದವು. ಬೆನ್ನ ಮೇಲೆ ಬಿಳಿಚಿದ ಗೀರು, ಮೈಯೆಲ್ಲ ನವಿರು ರೋಮ. ನನಗೆ ಗೊತ್ತಿದ್ದ ಜೇಡಗಳೆಲ್ಲ ಒಂಟಿ. ಮೂಲೆಗೊಂದು, ಬಲೆಗೊಂದು. ಒಂದನ್ನು ಹಿಡಿದು ಇನ್ನೊಂದರ ಬಲೆಗೆ ಬಿಟ್ಟು ಅವು ಕಾದಾಡುವುದನ್ನು ನೋಡಿದ್ದೆ. ಇವು ಕಾದಾಡಲಿಲ್ಲ. ಕತ್ತಲಾಗುವವರೆಗೂ ನಿಂತೆ. ಕಾಲು ಎಣಿಸಿದೆ, ಎಂಟು.

ಉಣ್ಣುವಾಗ ಅಪ್ಪನಿಗೆ ಹೇಳಿದೆ.

"ಅಪ್ಪಾ, ಅದು ಮಾಟ ಅಲ್ಲ. ಜೇಡ. ಒಳಗೆ ತುಂಬಾ ಜೇಡ ಇದಾವೆ, ನಾನು ನೋಡ್ದೆ."

"ಜೇಡ ಎಲ್ಲಾದ್ರೂ ಸಂಸಾರ ಮಾಡ್ತವೇನೇ?" ಎಂದ ಅಪ್ಪ. ಅವ್ವ ಅವನ ಮುಖ ನೋಡಿದಳು. ಅವನ ಎಡಗೈ ನನ್ನ ಬೆನ್ನ ಮೇಲೆ ಬಿತ್ತು. "ಹೋಗ್ಬೇಡ ಅಂದಿದ್ರು ತಾನೆ?"

ಸ್ಕೂಲಿನಲ್ಲಿ ಮೇಷ್ಟ್ರನ್ನು ಕೇಳಿದೆ. ಒಳ್ಳೆಯ ಮನುಷ್ಯ, ಕೇಳಿದ್ದಕ್ಕೆ ಖುಷಿಪಟ್ಟರು.

"ಜೇಡಕ್ಕೂ ಜೇಡಕ್ಕೂ ಆಗಲ್ಲಮ್ಮ. ಒಂದನ್ನ ಕಂಡ್ರೆ ಒಂದು ತಿಂದ್ಬಿಡುತ್ತೆ. ಗುಂಪಾಗಿ ಇದಾವೆ ಅಂದ್ರೆ ಇರುವೆನೇ ಇರ್ಬೇಕು. ಕಾಲು ಸರಿಯಾಗಿ ಎಣಿಸು, ಆರು ಇರುತ್ತೆ."

ಸಂಜೆ ಮತ್ತೆ ಹೋಗಿ ಎಣಿಸಿದೆ. ಬೆನ್ನು ಇನ್ನೂ ಉರಿಯುತ್ತಿತ್ತು. ಎಂಟೇ ಇದ್ದವು. ಅಪ್ಪ, ಅವ್ವ, ಮೇಷ್ಟ್ರು ಎಲ್ಲರೂ ಒಂದು ಕಡೆ, ಆ ಎಂಟು ಕಾಲು ಒಂದು ಕಡೆ. ಯಾರ ಮಾತನ್ನೂ ನಂಬದೆ ಕಣ್ಣಿಗೆ ಕಂಡದ್ದನ್ನೇ ಹಿಡಿದುಕೊಳ್ಳುವ ನನ್ನ ಹಟ, ಮುಂದೆ ಗಂಡನ ಮನೆಯಲ್ಲೂ ಕೆಲಸದ ಜಾಗದಲ್ಲೂ ನನಗೆ ಶತ್ರುಗಳನ್ನು ಸಂಪಾದಿಸಿಕೊಟ್ಟ ಹಟ, ಆ ಬೇಲಿಯ ಹತ್ತಿರ ಶುರುವಾಯಿತು. ಅದು ಜ್ಞಾನದ ಆಸೆಯಲ್ಲ. ಅದು ಸಿಟ್ಟು.

ಚಿಕ್ಕಮ್ಮ ಒಗೆಯುವ ಕಲ್ಲಿನ ಹತ್ತಿರ ಮೊಣಕಾಲ ಮೇಲೆ ತಲೆಯಿಟ್ಟು ಕೂತಿದ್ದಳು. ನನ್ನನ್ನು ಕಂಡು, "ಹೋಗಮ್ಮಾ, ನನ್ ಹತ್ರ ಬಂದ್ರೆ ನಿನ್ನೂ ಬೈತಾರೆ," ಎಂದಳು.

"ಚಿಕ್ಕಮ್ಮ, ಅದು ಜೇಡ."

"ಸಾಲೆ ಪುರುಗಾ?" ಜೇಡಕ್ಕೆ ಅವಳ ತೆಲುಗಿನ ಹೆಸರು ಅದು. ಅವಳು ತಲೆ ಎತ್ತಿದಳು. "ಅಂತ ದೊಡ್ಡ ಗಂಟು, ಸಾಲೆ ಪುರುಗು ಕಟ್ತಾವಾ? ಮಾ ಊರಲ್ಲಿ ನಾನು ನೋಡೇ ಇಲ್ಲ."

"ನೀನೇ ಬಂದು ನೋಡು."

ಅವಳು ಬಂದಳು. ಒಂದು ತೊಂಡೆ ಎಲೆ ಹರಿದು ಪರದೆಯ ಮೇಲೆ ಹಾಕಿ ಕಡ್ಡಿಯಿಂದ ಮೆಲ್ಲಗೆ ಅಲುಗಿಸಿದಳು. ಜೇಡಗಳು ಹೊರಗೆ ಬಂದವು. ಎಷ್ಟೋ ದಿನದ ಮೇಲೆ ಅವಳು ಬಾಯಿ ಮುಚ್ಚಿಕೊಳ್ಳದೆ ನಕ್ಕಳು. ಮರುಕ್ಷಣ ನಗು ನಿಂತುಹೋಯಿತು. ಆ ಮುಖವನ್ನು ನಾನು ಮರೆತಿಲ್ಲ. ಇಷ್ಟಕ್ಕೇನಾ, ಇದಕ್ಕೇನಾ, ಎಂದು ಅವಳ ಕಣ್ಣುಗಳು ಕೇಳುತ್ತಿದ್ದವು. ಕೊಟ್ಟಿಗೆಯ ಗೋಡೆಗೆ ಸಿಕ್ಕಿಸಿದ್ದ ಕುಡುಗೋಲು ತಂದು ಆ ಮುಳ್ಳಿನ ಕೊಂಬೆಯನ್ನೇ ಕತ್ತರಿಸಿದಳು. ಕೈಗೆ ಮುಳ್ಳು ತರಚಿ ರಕ್ತ ಬಂತು. ಕೊಂಬೆಯನ್ನು ಹಾಗೇ ಹಿಡಿದುಕೊಂಡು ಅಂಗಳಕ್ಕೆ ಬಂದಳು. ಅಲ್ಲಿ ಅವ್ವ, ಅಪ್ಪ, ಅಮ್ಮ ಮೂವರೂ ಹುಳದ ತಟ್ಟೆಗಳನ್ನು ತೊಳೆದು ಒಣಗಿಸುತ್ತಿದ್ದರು. ಆಗ ತಾನೇ ಬಂದ ಚಿಕ್ಕಪ್ಪ ಸೈಕಲ್ಲು ನಿಲ್ಲಿಸುತ್ತಿದ್ದ.

"ಚೂಡಂಡಿ ಅತ್ತಾ! ನೋಡಿ! ಎಲ್ರೂ ನೋಡಿ!"

ಗಂಟನ್ನು ಅವಳು ಎರಡು ಕೈಯಿಂದ ಹಿಡಿದು ಸೀಳಿದಳು. ಅದು ಹರಿಯುವಾಗ ಹಳೆಯ ಗೋಣಿ ಹರಿದ ಸದ್ದು ಬಂತು. ಒಳಗೆ ತೂತು ತೂತು, ಸುರಂಗ ಸುರಂಗ. ಜೀರುಂಡೆಯ ಚಿಪ್ಪು, ಒಣ ಎಲೆ, ನೊಣದ ತಲೆ. ಸುಣ್ಣವಿಲ್ಲ, ಕುಂಕುಮವಿಲ್ಲ, ಮೂಳೆಯಿಲ್ಲ, ತಾಯಿತವಿಲ್ಲ. ಜೇಡಗಳು, ದೊಡ್ಡವು, ಸಾಸಿವೆಯಷ್ಟು ಮರಿಗಳು, ಅವಳ ಕೈ ಮೇಲಿಂದ ತೋಳಿಗೆ ಹತ್ತಿ ನೆಲಕ್ಕೆ ಉದುರಿದವು. ನಾನು ಹಾರಿ ಹಿಂದೆ ಸರಿದೆ. ಆಗ ಪೊರಕೆ ಹಿಡಿದು ನನ್ನ ಪಕ್ಕಕ್ಕೆ ಬಂದ ಅಮ್ಮ, ನನ್ನನ್ನು ಸಮಾಧಾನ ಮಾಡಲೆಂದೇ ಅಂದಳು:

"ಹೆದರ್ಬೇಡ ಕಣೇ, ಇವು ಕಚ್ಚಲ್ಲ. ಬಿಸ್ಲು ಅಂದ್ರೆ ಆಗಲ್ಲ ಇವಕ್ಕೆ, ಈಗ ನೆರಳು ಹುಡುಕ್ಕೊಂಡು ಹೋಗ್ತವೆ."

ಬೇರೆ ಯಾರಿಗೂ ಅದು ಕೇಳಿಸಲಿಲ್ಲ. ಅವ್ವನ ಗಂಟಲು ಅಂಗಳವನ್ನೆಲ್ಲ ತುಂಬಿತ್ತು.

"ನೋಡಿದ್ರಾ? ನೋಡಿದ್ರಾ ಧೈರ್ಯನ? ಮಾಟಗಾತಿ ಅಲ್ದಿದ್ರೆ ಅದಕ್ಕೆ ಬರಿಗೈ ಹಾಕ್ತಿದ್ಲಾ? ಅವಳ ಹುಳ ಅವಳಿಗೆ ಕಚ್ತವಾ?"

ಚಿಕ್ಕಮ್ಮ ಸೀಳಿದ ಗಂಟಿನ ಎರಡು ತುಂಡು ಹಿಡಿದು ನಿಂತೇ ಇದ್ದಳು. ಗೆದ್ದೆ ಎಂದುಕೊಂಡು ಬಂದವಳು ಅವಳು. ಅಪ್ಪ ಜೇಡಗಳನ್ನು ಕಣ್ಣಾರೆ ಕಂಡ, ನನ್ನನ್ನೂ ಕಂಡ, ಮುಖ ತಿರುಗಿಸಿ ತಟ್ಟೆ ಎತ್ತಿಕೊಂಡ. ಅಮ್ಮ ಬಿಸಿ ನೀರು ತಂದು ನೆಲಕ್ಕೆ ಸುರಿದು ಎಲ್ಲವನ್ನೂ ಗುಡಿಸಿ ಒಲೆಗೆ ಹಾಕಿದಳು.

ನಾನು ಒಲೆಯ ಮುಂದೆ ಹೋಗಿ ನಿಂತೆ.

"ಕಚ್ಚಲ್ಲ ಅಂತ ನಿಂಗೆ ಹೆಂಗ್ ಗೊತ್ತು?"

ಅಮ್ಮ ಸೌದೆ ಮುಂದಕ್ಕೆ ತಳ್ಳಿದಳು.

"ನಮ್ಮೂರಲ್ಲಿ ಕಲ್ಲಿನ ಶೆಡ್ ಪಕ್ಕ ಜಾಲಿ ಬೇಲಿ ತುಂಬ ಇವೇ ಇರ್ತಿದ್ವು. ಚಿಕ್ಕವಳಾಗಿದ್ದಾಗ ಕೈಮೇಲೆ ಬಿಟ್ಕೊಂಡು ಆಡ್ತಿದ್ದೆ."

"ಅವತ್ತೇ ಗೊತ್ತಾಯ್ತಾ? ನಾನು ಕರ್ದಾಗ್ಲೇ?"

"ಹೂಂ."

"ಮತ್ತೆ ಯಾಕೆ ಹೇಳ್ಲಿಲ್ಲ?"

ಅವಳು ನನ್ನ ಕಡೆ ತಿರುಗಿದಳು. ಬೆಂಕಿಯ ಬೆಳಕಿನಲ್ಲಿ ಅವಳ ತುಂಬಿದ ಕೆನ್ನೆ, ಕಿವಿಯ ಹಿಂದಿನ ಹೂವು.

"ಹನ್ನೆರಡು ವರ್ಷ ಆ ಕದದ ಹಿಂದೆ ಕೂತಿದ್ನಲ್ಲ, ನನ್ ಪರವಾಗಿ ಯಾರಮ್ಮ ಹೇಳಿದ್ರು? ನಿಮ್ಮಪ್ಪ ಹೇಳಿದ್ನಾ? ಹೇಳಿದ್ರೆ ನಾಳೆಯಿಂದ ಆ ತಟ್ಟೆ ಯಾರ ಮುಂದಕ್ಕೆ ಬರುತ್ತೆ? ಬಾಯ್ ಮುಚ್ಕೊಂಡಿರು."

ಅವಳು ಹೇಳಿದ್ದು ನನಗೆ ಅರ್ಥವಾಯಿತು. ಅರ್ಥವಾದದ್ದರಿಂದಲೇ ತಡೆಯಲಾಗಲಿಲ್ಲ. ಎಲ್ಲರೂ ಉಣ್ಣಲು ಕೂತರು. ಚಿಕ್ಕಮ್ಮ ಹಿತ್ತಲ ಬಾಗಿಲ ಆಚೆ ತಟ್ಟೆಯ ಮುಂದೆ ಕೂತಿದ್ದಳು. ಅವ್ವ ಮುದ್ದೆ ಮುರಿಯುತ್ತಾ, ಪೂಜಾರಿಗೆ ಇನ್ನು ಕೋಳಿ ಸಾಲದು, ಗಂಟು ಒಡೆದಿದ್ದರಿಂದ ಕುರಿಯೇ ಬೇಕಾಗುತ್ತದೆ ಎನ್ನುತ್ತಿದ್ದಳು. ನಾನು ಎದ್ದು ನಿಂತು, ಹಿತ್ತಲಿಗೂ ಕೇಳುವ ಹಾಗೆ ಹೇಳಿದೆ.

"ಅದು ಜೇಡ ಅಂತ ಅಮ್ಮಂಗೆ ಮೊದ್ಲೇ ಗೊತ್ತಿತ್ತು. ಅವರೂರಲ್ಲಿ ಬೇಲಿ ತುಂಬ ಇದಾವಂತೆ. ಗೊತ್ತಿದ್ದೂ ಅವ್ವನ್ನ ಕರಿ ಅಂದ್ಳು."

ಇದನ್ನು ಹೇಳಿದ್ದಕ್ಕೆ ನನಗೆ ಅಂದೂ ಪಶ್ಚಾತ್ತಾಪವಿರಲಿಲ್ಲ, ಇಂದೂ ಇಲ್ಲ. ಯಾರೂ ಉಣ್ಣಲಿಲ್ಲ. ಅವ್ವ ಅಮ್ಮನನ್ನು ನಿಧಾನವಾಗಿ, ಹೊಸದಾಗಿ ನೋಡುವವಳ ಹಾಗೆ ನೋಡಿದಳು. ಆಮೇಲೆ ಅಮ್ಮನ ತಟ್ಟೆಯಲ್ಲಿದ್ದ ಬಿಸಿ ಮುದ್ದೆಯನ್ನು ಕೈಯಿಂದಲೇ ಎತ್ತಿ ವಾಪಸ್ಸು ಪಾತ್ರೆಗೆ ಹಾಕಿದಳು.

"ಹಾಗಾದ್ರೆ ನಿಮ್ಮೂರಿಂದ ತಂದು ಕಟ್ಟಿದವಳು ನೀನೇನಾ? ಕಲ್ಲು ಹೊರೋರ ಬುದ್ಧಿ!"

ಅವ್ವನಿಗೆ ಜೇಡ ಬೇಕಿರಲಿಲ್ಲ. ಅವಳಿಗೆ ಒಬ್ಬಳು ಹೆಂಗಸು ಬೇಕಿತ್ತು.

ಚಿಕ್ಕಮ್ಮ ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದಳು. ಅವಳು ಅವ್ವನ ಕಡೆ ನೋಡಲೇ ಇಲ್ಲ. ಅಮ್ಮನನ್ನೇ ನೋಡುತ್ತಿದ್ದಳು.

"ಅಕ್ಕಾ, ಆ ಮುದುಕಿ ಬೈದಿದ್ದು ನಂಗೆ ಲೆಕ್ಕಕ್ಕಿಲ್ಲ. ನೀವು ತಟ್ಟೆ ತಳ್ಳಿ ಕೊಟ್ರಿ ನೋಡಿ, ಎಲ್ಲ ಗೊತ್ತಿದ್ದು, ಅದು ಮಾತ್ರ..."

ಒಳಗೆ ಹೋಗಿ ಟ್ರಂಕಿಗೆ ಸೀರೆ ತುಂಬತೊಡಗಿದಳು. ಆಗ ಚಿಕ್ಕಪ್ಪ, ಎಂದೂ ಬಾಯಿ ಬಿಡದವನು, ಉಣ್ಣುತ್ತಿದ್ದ ತಟ್ಟೆಯಲ್ಲೇ ಕೈ ತೊಳೆದ. ನಮ್ಮ ಮನೆಯಲ್ಲಿ ತಟ್ಟೆಯಲ್ಲಿ ಕೈ ತೊಳೆಯುವುದೆಂದರೆ ಇನ್ನು ಈ ಮನೆಯ ಅನ್ನ ಬೇಡ ಎಂದ ಹಾಗೆ.

"ನಾವು ನಂಗಲಿಗೆ ಹೋಗ್ತೀವಿ. ಅಂಗಡಿ ಹಿಂದೆ ಜಾಗ ಇದೆ."

"ಹೋಗ್ಲಾ, ಹೋಗು. ಹೆಂಡ್ತಿ ಬಾಲ ಹಿಡ್ಕೊಂಡ್ ಹೋಗು," ಎಂದಳು ಅವ್ವ. ಆದರೆ ಅವಳ ದನಿ ಮೊದಲ ಸಲ ಸೋತಿತ್ತು.

ಬೆಳಗ್ಗೆ ಮೊದಲ ಬಸ್ಸಿಗೆ ಅವರು ಹೋದರು. ಭಾನುವಾರ ಪೂಜಾರಿ ಬಂದೇ ಬಂದ, ಒಡೆದ ಗಂಟಿನ ಜಾಗದಲ್ಲಿ ಕುರಿ ಕಡಿದ. ಮುಂದಿನ ಹುಳದ ಬೆಳೆ ಚೆನ್ನಾಗಿ ಬಂತು, ಅದು ಪೂಜಾರಿಯ ಮಹಿಮೆ ಎಂದಾಯಿತು. ಅಮ್ಮ ಮತ್ತೆ ಕದದ ಹಿಂದಕ್ಕೆ ಹೋದಳು, ಸೀದ ಮುದ್ದೆ ಮತ್ತೆ ಅವಳ ತಟ್ಟೆಗೆ ಬಂತು. ಅವಳು ನನ್ನ ಜೊತೆ ಮಾತು ಬಿಟ್ಟಳು. ಬಿಟ್ಟಳು ಎಂದರೆ ಪೂರಾ ಬಿಟ್ಟಳು. ತಲೆ ಬಾಚುತ್ತಿದ್ದಳು, ಉಣ್ಣಲು ಬಡಿಸುತ್ತಿದ್ದಳು, ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು. ಒಂದು ಪದವಿಲ್ಲ. ನನಗೆ ಏನಾದರೂ ಹೇಳಬೇಕಾದರೆ ಗೋಡೆಗೆ ಹೇಳುತ್ತಿದ್ದಳು: "ತಟ್ಟೆ ತೊಳೆಯೋರು ತೊಳೀಲಿ." ನಾನೂ ಸೋಲಲಿಲ್ಲ. ಅವಳ ಮಗಳು ತಾನೆ? ನಾನೂ ಗೋಡೆಗೇ ಉತ್ತರ ಕೊಟ್ಟೆ.

ಆ ಜೇಡಕ್ಕೊಂದು ಹೆಸರಿದೆ ಎಂದು ನನಗೆ ತಿಳಿದದ್ದು ತಲೆ ನರೆತ ಮೇಲೆ. ನಾನು ರೇಷ್ಮೆ ಮೊಟ್ಟೆ ತಯಾರಿಸುವ ಕೇಂದ್ರವೊಂದರಲ್ಲಿ ಕೆಲಸಕ್ಕೆ ಸೇರಿದ್ದೆ. ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ರೋಗವಿದೆಯೇ ಎಂದು ನೋಡುವ ಕೆಲಸ. ಹಾಲುರೋಗ ಕಣ್ಣಿಗೆ ಕಾಣದ ಸೋಂಕಿನಿಂದ ಬರುತ್ತದೆ, ಬೇಲಿಯಿಂದಲ್ಲ ಎಂದು ಕಲಿತದ್ದು ಅಲ್ಲಿಯೇ. ಈಚೆಗೆ ಕೇಂದ್ರದ ತಂತಿಬೇಲಿಯಲ್ಲಿ ಅಂಥದೇ ಒಂದು ಬೂದು ಗಂಟು ಕಂಡಿತು. ಜೊತೆಯ ಹುಡುಗಿಯೊಬ್ಬಳು ಫೋನಿನಲ್ಲಿ ಚಿತ್ರ ತೆಗೆದು, ಅದರಲ್ಲೇ ಹುಡುಕಿ ಹೇಳಿದಳು: ಸಂಘಜೀವಿ ಜೇಡವಂತೆ. ಎಲ್ಲ ಸೇರಿ ಒಂದೇ ಗೂಡಿನಲ್ಲಿ ಬಾಳುತ್ತವಂತೆ, ಬೇಟೆ ಒಟ್ಟಿಗೆ, ಊಟ ಒಟ್ಟಿಗೆ, ಯಾರ ಮರಿಯನ್ನು ಯಾರಾದರೂ ಸಾಕುತ್ತವಂತೆ. "ಎಷ್ಟು ಚೆನ್ನಾಗಿದೆ ಅಲ್ವಾ ಮೇಡಂ, ಅವಿಭಕ್ತ ಕುಟುಂಬ," ಎಂದಳು. ನಾನು ನನ್ನ ಚಿಟ್ಟೆಗಳ ಕಡೆ ತಿರುಗಿದೆ.

ಮೇಷ್ಟ್ರು, ಅಪ್ಪ, ಅವ್ವ ಯಾರೂ ಈಗಿಲ್ಲ, ತೋರಿಸಲು. ತೋರಿಸಿದ್ದರೂ ಏನೂ ಬದಲಾಗುತ್ತಿರಲಿಲ್ಲ. ಬದಲಾದದ್ದು ಒಂದೇ ಒಂದು ದಿನ, ಅದೂ ನಾನು ಚಿಕ್ಕವಳಾಗಿದ್ದಾಗಲೇ.

ಚಿಕ್ಕಮ್ಮ ಮನೆ ಬಿಟ್ಟು ಹೋದ ಮರುವರ್ಷದ ಅವರೆಕಾಯಿ ಕಾಲ ಅದು. ಅವ್ವ ಯಾವುದೋ ಸಾವಿಗೆಂದು ಊರಿಗೆ ಹೋಗಿದ್ದಳು. ಅಮ್ಮ ಒಳ್ಳೆಯ ಸೀರೆ ಉಟ್ಟು, ನನ್ನ ಲಂಗವನ್ನು ಮಂಚದ ಮೇಲೆ ಎಸೆದಳು. ಉಟ್ಟುಕೋ ಎಂಬುದು ಅರ್ಥ. ಎಲ್ಲಿಗೆ ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ನಂಗಲಿಯಲ್ಲಿ ಇಳಿದೆವು. ರಸ್ತೆಯ ಉದ್ದಕ್ಕೂ ಲಾರಿಗಳು, ಟಯರು ಸುಟ್ಟ ವಾಸನೆ. ಚಿಕ್ಕಪ್ಪ ಒಂದು ದೊಡ್ಡ ಚಕ್ರದ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ನಮ್ಮನ್ನು ಕಂಡು ಎದ್ದು ನಿಂತ, ಅಂಗಡಿಯ ಹಿಂದಕ್ಕೆ ಕೈ ತೋರಿಸಿದ. ಅಲ್ಲಿ ತಗಡಿನ ಒಂದು ಕೋಣೆ. ಚಿಕ್ಕಮ್ಮ ಬಾಗಿಲಲ್ಲಿ ಕೂತು ಹಿತಕಿದಬೇಳೆಗೆ ಅವರೆಕಾಳು ಹಿಸುಕುತ್ತಿದ್ದಳು. ಎದ್ದಳು. ನನ್ನ ಗಲ್ಲ ಹಿಡಿದು, ಎಷ್ಟು ಉದ್ದವಾಗಿದ್ದೀಯ ಎಂದು ತೆಲುಗಿನಲ್ಲಿ ಹೇಳಿ ಒಳಗೆ ಕೂರಿಸಿದಳು. ಕೈಗೆ ಎರಡು ಬಿಸ್ಕತ್ತು ಕೊಟ್ಟಳು. ಅಮ್ಮನಿಗೆ ಕೂತ್ಕೊಳ್ಳಿ ಎನ್ನಲಿಲ್ಲ.

ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಒಂದು ಲಾರಿ ಸದ್ದು ಮಾಡಿಕೊಂಡು ಹೋದ ಮೇಲೆ ಹೇಳಿದಳು.

"ಸರೋಜಾ, ನಂಗೆ ಗೊತ್ತಿತ್ತು."

"ತೆಲುಸು ಅಕ್ಕಾ. ಮಗು ಹೇಳ್ತಲ್ಲ ಅವತ್ತು."

"ನನ್ ಬಾಯಲ್ಲಿ ನಾನು ಹೇಳಿರ್ಲಿಲ್ಲ. ಅದಕ್ಕೇ ಬಂದೆ."

ಚಿಕ್ಕಮ್ಮ ಮತ್ತೆ ಕೂತು ಕಾಳು ಹಿಸುಕತೊಡಗಿದಳು. ಬೇಳೆ ಬೋಸಿಗೆ, ಸಿಪ್ಪೆ ಮೊರಕ್ಕೆ. ಆಮೇಲೆ ತಲೆ ಎತ್ತದೆ ಹೇಳಿದಳು.

"ಕಾಫಿ ನಾನು ಮಾಡ್ಕೊಡಲ್ಲ. ಹಾಲು ಅಲ್ಲಿದೆ, ಸ್ಟೌ ಅಲ್ಲಿದೆ. ಬೇಕಾದ್ರೆ ನೀವೇ ಕಾಸ್ಕೊಳ್ಳಿ."

ಅಮ್ಮ ಒಳಗೆ ಬಂದಳು. ಬೇರೆಯವರ ಅಡುಗೆ ಮೂಲೆಯಲ್ಲಿ ಸಕ್ಕರೆ ಎಲ್ಲಿದೆ, ಪುಡಿ ಎಲ್ಲಿದೆ ಎಂದು ಕೇಳದೆ ಹುಡುಕಿದಳು. ಸೀಮೆಎಣ್ಣೆ ಸ್ಟೌ ಪಂಪು ಮಾಡಿದಳು. ಲೋಟಗಳಿಗೆ ಸುರಿದು ಒಂದನ್ನು ಚಿಕ್ಕಮ್ಮನ ಮುಂದೆ ನೆಲದ ಮೇಲೆ ಇಟ್ಟಳು. ತಳ್ಳಲಿಲ್ಲ, ಬಗ್ಗಿ ಇಟ್ಟಳು. ಚಿಕ್ಕಮ್ಮ ಅದನ್ನು ಮುಟ್ಟಲಿಲ್ಲ. ಕೆನೆ ಕಟ್ಟುವವರೆಗೂ ಹಾಗೇ ಬಿಟ್ಟಳು. ಆಮೇಲೆ ಎದ್ದು ಲೋಟವನ್ನು ತೆಗೆದುಕೊಂಡು ಹೋಗಿ ಟಯರಿನ ಮುಂದೆ ಕೂತಿದ್ದ ಚಿಕ್ಕಪ್ಪನ ಕೈಗೆ ಕೊಟ್ಟು ಬಂದಳು. ಅಮ್ಮ ಅದನ್ನು ನೋಡುತ್ತಲೇ ತನ್ನ ಕಾಫಿಯನ್ನು ಕೊನೆಯ ಗುಟುಕಿನವರೆಗೂ ಕುಡಿದಳು. ಪಾತ್ರೆ ತೊಳೆದಳು, ಬೋರಲು ಹಾಕಿದಳು, ಸ್ಟೌ ಒರೆಸಿದಳು. ಹೋಗ್ತೀನಿ ಎಂದಳು. ಚಿಕ್ಕಮ್ಮ ಹೂಂ ಎಂದಳು. ಮತ್ತೆ ಬನ್ನಿ ಎನ್ನಲಿಲ್ಲ.

ರಸ್ತೆಯ ಬದಿಯಲ್ಲಿ ಬಸ್ಸಿಗೆ ಕಾಯುತ್ತಾ ನಿಂತೆವು. ಬಿಸಿಲು ನೆತ್ತಿಯ ಮೇಲಿತ್ತು. ಅವಳು ಆ ಕಡೆ ನೋಡುತ್ತಿದ್ದಳು, ನಾನು ಈ ಕಡೆ. ಮುಳಬಾಗಿಲಿನ ಬಸ್ಸು ದೂರದಲ್ಲಿ ದೂಳೆಬ್ಬಿಸಿಕೊಂಡು ಬರುವುದು ಕಂಡಿತು. ಅಮ್ಮ ನನ್ನ ಮೊಣಕೈ ಹಿಡಿದು ಲಾರಿಗಳ ದಾರಿಯಿಂದ ಪಕ್ಕಕ್ಕೆ ಎಳೆದಳು. ಗೋಡೆಗಲ್ಲ, ರಸ್ತೆಗಲ್ಲ, ನೇರ ನನ್ನ ಮುಖ ನೋಡಿ ಹೇಳಿದಳು:

"ಈಚೆ ಬಾರೇ, ಬಸ್ಸು ಬಂತು."